ನಿಧಾನದ ರಬ್ಬರು

ಚೆಂಗ್ಡುವಿನ ಪಾರ್ಕಿನ ಗೇಟಿನೆದುರು, ಟೇಬಲ್ ಟೆನಿಸ್ ಬ್ಯಾಟಿನ ಹಲಗೆಗೆ ಕೇಳಿದ ರಬ್ಬರು ಅಂಟಿಸಿಕೊಡುವ ಫಾಂಗ್ ಲಾನ್‌ಗೆ, ಶೆನ್ ಮಾಮ ಬಂದರೆಂದರೆ ಬೆಳಗಿನ ವ್ಯಾಪಾರ ಮುಗಿದಂತೆಯೇ. ಅವರು ಹಲಗೆಯನ್ನು ಕಿವಿಗೆ ಹಿಡಿದು, ಕಲ್ಲಂಗಡಿ ಕೊಳ್ಳುವವರ ಹಾಗೆ ಬೆರಳಿನಿಂದ ತಟ್ಟುತ್ತಾರೆ, ರಬ್ಬರನ್ನು ಮೂಸುತ್ತಾರೆ, ಅದರ ಮೇಲೆ ಪುಟಿಸಿದ ಚೆಂಡು ಗಲ್ಲದವರೆಗೆ ಎದ್ದರೆ ಹಾವು ಕಂಡವರಂತೆ ಹಿಂದೆ ಸರಿಯುತ್ತಾರೆ. "ಅಬ್ಬಾ, ಬಲು ಜೋರು! ನಿಧಾನದ್ದು ಕೊಡಮ್ಮ." ಊರೆಲ್ಲ ವೇಗ ಕೇಳಿದರೆ ಈ ಮನುಷ್ಯನಿಗೆ ಓಡದ ಕುದುರೆಯೇ ಬೇಕು. "ಸೋಲೋಕೆ ಅಷ್ಟು ಭಯಾನಾ ಮಾಮಾ? ಹಾಗಾದ್ರೆ ಬಾಣಲೆ ಹಿಡ್ಕೊಂಡು ಆಡಿ" ಎಂದು ಅವಳು ಛೇಡಿಸಿದರೆ, "ಬಾಣಲೆ ಮೇಲೂ ಪುಟಿಯುತ್ತಲ್ಲಮ್ಮ" ಎಂದು ನಿಜವಾಗಿಯೂ ಚಿಂತೆಗೆ ಬೀಳುತ್ತಾರೆ. ಇವತ್ತು ಬೇಸತ್ತು, ಅಷ್ಟಕ್ಕೂ ಯಾರ ಜೊತೆ ಆಡುತ್ತೀರಿ ಎಂದು ಕೇಳಿಯೇಬಿಟ್ಟಳು. "ನಮ್ಮನೆಯವಳ ಜೊತೆ. ಸೊಂಟದ ಆಪರೇಷನ್ ಆಗಿದೆ. ನಮ್ಮ ಪಾರ್ಕಲ್ಲಿ ಚೆಂಡು ಹೊಡೆಯಲಾಗದೆ ಬಿಟ್ಟವರೇ ಎತ್ತಬೇಕಲ್ಲ, ನಾನು ಎತ್ಕೊಡ್ತೀನಿ ಅಂದ್ರೂ ಬಿಡಲ್ಲ ಆ ಹಟಮಾರಿ. ತಾನೇ ಬಗ್ತಾಳೆ." ಲಾನ್ ಅಂಗಡಿಯೊಳಗೆ ಹೋಗಿ, ಯಾರೂ ಕೇಳದೆ ಮೂಲೆಗೆ ಬಿದ್ದಿದ್ದ ರಬ್ಬರೊಂದನ್ನು ಹುಡುಕಿ ತಂದಳು. ಅದರ ಮೇಲೆ ಚೆಂಡು ಎದೆಯವರೆಗೂ ಏಳಲಿಲ್ಲ. "ಇದು ಆಗುತ್ತಾ ಮಾಮಾ?" ಶೆನ್ ಮಾಮ ಮತ್ತೊಮ್ಮೆ ಪುಟಿಸಿ ನೋಡಿದರು. "ಇನ್ನೂ ಸ್ವಲ್ಪ ನಿಧಾನದ್ದು ಇದ್ಯೇನಮ್ಮ?"