ಎಂಟು ಮನೆ, ನಲವತ್ತು ಪದ

ಸೋಮವಾರದ ಲೆಕ್ಕ: ಕೊಟ್ಟ ಪದ ನಲವತ್ತು, ನೆನಪಿದ್ದದ್ದು ಹನ್ನೊಂದು.

ತಮಿಳು ಸೀಮೆಯ ಶರವಣಂಪಟ್ಟಿಯಲ್ಲಿ ಕೆಲಸದ ಇಂಟರ್‌ವ್ಯೂಗೆ ತಯಾರು ಮಾಡುವ ತರಬೇತಿ ತರಗತಿಯಲ್ಲಿ ಇಂಗ್ಲಿಷ್ ಪದಗಳನ್ನು ಚಿತ್ರದ ಕಾರ್ಡುಗಳಿಂದ ಕಲಿಸುತ್ತಿದ್ದರು. ಹಿಮದ ಮೇಲೆ ಜಾರುವವನು, ಹಡಗಿನ ಕಪ್ತಾನ. ನಾನು ಕಂಡವರು ಒಬ್ಬರೂ ಅದರಲ್ಲಿರಲಿಲ್ಲ.

ಅಂದು ಸಂಜೆ ಸಿರುಮುಗೈ ಬಳಿಯ ನಮ್ಮ ಮನೆಯಲ್ಲಿ ಅಮ್ಮ ಅಚ್ಚು ಕೆಚ್ಚುತ್ತಿದ್ದಳು. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುವಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಎಳೆಯೊಂದನ್ನು ಹೊಸೆದು ಸೇರಿಸುವ ಕೆಲಸ ಅದು.

"ಸುಮ್ನೆ ನೋಡ್ಬೇಡ ನನ್ ಕಣ್ಣೇ, ಎಳೆ ಎತ್ತಿ ಕೊಡು. ನಡುವೆ ಒಂದು ಬಿಟ್ಯೋ, ಅಲ್ಲಿಂದ ಪೂರಾ ತಪ್ಪು."

ಪದಗಳನ್ನೂ ಹಾಗೇ ಕಲಿಯಬಹುದು ಅನ್ನಿಸಿತು: ಹೊಸದನ್ನು ಹಳೆಯದಕ್ಕೇ ಕೆಚ್ಚಬೇಕು. ನನ್ನ ಹಳೆಯದು ನಮ್ಮ ಬೀದಿ. ಸಾಲಾಗಿ ಎಂಟು ಮನೆ. ಪ್ರತಿ ಮನೆಯಲ್ಲೂ ಹೊಸ್ತಿಲು, ಜಗಲಿ, ಮಗ್ಗ, ಒಲೆ, ಹಿತ್ತಲು. ಎಂಟೈದಲಿ ನಲವತ್ತು; ಒಂದೊಂದು ಜಾಗಕ್ಕೆ ಒಂದೊಂದು ಪದ. ಮೊದಲ ಮನೆಯ ಜಗಲಿಯಲ್ಲಿ ಸ್ನಾನಕ್ಕೆ ಕರೆದರೆ ಏಳದ ತಾತ: ರಿಲಕ್ಟೆಂಟ್. ಅದರ ಹಿತ್ತಲಲ್ಲಿ ಬೀದಿಗೆಲ್ಲ ಸಾಲುವಷ್ಟು ಕರಿಬೇವು: ಅಬಂಡೆಂಟ್. ಮನೆಮಾತು ಕನ್ನಡವಾದರೂ ಓದಿದ್ದು ತಮಿಳಿನಲ್ಲಿ, ಆಗ ನನಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಈ ಪಟ್ಟಿಯನ್ನು ತಮಿಳು ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿದೆ.

ಮಂಗಳವಾರ ಮೇಷ್ಟರು ಅದನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿದರು.

"ಇದೇನಮ್ಮಾ, ಮಳಿಗೆ ಸಾಮಾನಿನ ಲಿಸ್ಟಾ? ಒಲೆ, ಹಿತ್ತಲು, ತಾತ! ಕಾರ್ಡ್ ನೋಡಿ ಕಲಿ."

"ಕಾರ್ಡಲ್ಲಿ ಹನ್ನೊಂದು ಬಂತು ಸಾರ್. ಇದರಲ್ಲಿ ಎಷ್ಟು ಬರುತ್ತೋ ನೋಡ್ತೀನಿ."

ಎಲ್ಲರೂ ನಕ್ಕರು. ಮೇಷ್ಟರು ನಗಲಿಲ್ಲ. "ಶುಕ್ರವಾರ ಪರೀಕ್ಷೆ. ಮೂವತ್ತೈದಕ್ಕೆ ಒಂದು ಕಡಿಮೆಯಾದರೂ ಇಂಟರ್‌ವ್ಯೂ ಪಟ್ಟಿಯಲ್ಲಿ ನಿನ್ನ ಹೆಸರಿರಲ್ಲ."

ಬುಧವಾರ ಅಮ್ಮನ ಮುಂದೆ ಮೂರು ಸಲ ಒಪ್ಪಿಸಿದೆ. ಮೂವತ್ತಮೂರು, ಮೂವತ್ತೆರಡು, ಮೂವತ್ತಮೂರು. ತಪ್ಪಿದವಕ್ಕೆ ಗುರುತು ಹಾಕುತ್ತ ಹೋದಾಗ ಕಂಡಿತು: ಮೂರು ಸಲವೂ ಐದನೆಯ ಮನೆಯ ಐದೂ ಪದ ಹಾರಿಹೋಗಿದ್ದವು.

ಆ ಮನೆಗೂ ನಮಗೂ ನಾಲ್ಕು ವರ್ಷದಿಂದ ಮಾತಿಲ್ಲ. ಬೀದಿಯಲ್ಲಿ ಎಳೆದು ಕಟ್ಟಿದ್ದ ನಮ್ಮ ಹಾಸಿನ ಮೇಲೆ ಅವರ ಮಗ ಬೈಕ್ ಓಡಿಸಿದ್ದ. ಅಂದಿನಿಂದ ಆ ಬಾಗಿಲು ಬಂದಾಗ ನಾವು ಮುಖ ತಿರುಗಿಸಿ ನಡೆಯುತ್ತೇವೆ. ಮನಸ್ಸಿನಲ್ಲೂ ಹಾಗೇ ನಡೆದಿದ್ದೆ. ಅವರ ಒಲೆ ಈಗ ಹೇಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ; ಕೆಚ್ಚಲು ಎಳೆಯೇ ಇಲ್ಲ. ಹೋಗಿ ನೋಡಿಬರುತ್ತೇನೆ ಎಂದೆ.

"ಬೇರೆ ಮನೆ ಹಿಡಿ," ಎಂದರು ಅಪ್ಪ. "ಅವರ ಹೊಸ್ತಿಲು ಮೆಟ್ಟಿದ್ರೆ ನನ್ನ ಹತ್ರ ಮಾತಾಡ್ಬೇಡ."

"ಸಾಲಲ್ಲಿ ನಡುವಿಂದು ಬಿಡೋಕಾಗಲ್ಲಪ್ಪ. ಮಗ್ಗದಲ್ಲಿ ನೀವು ಬಿಡ್ತೀರಾ?"

ಗುರುವಾರ ಬೆಳಿಗ್ಗೆ ಹೋದೆ. ಬೈಕ್ ಓಡಿಸಿದವನ ತಾಯಿ, ನಾನು ಅತ್ತೆ ಎಂದು ಕರೆಯುತ್ತಿದ್ದವರು, ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಡಲಿಲ್ಲ.

"ಏನಮ್ಮ ಸಾಮಿ, ದಾರಿ ತಪ್ತಾ?"

"ಇಲ್ಲತ್ತೆ. ಇಂಗ್ಲಿಷ್ ಓದೋಕೆ ಬಂದೆ. ನಿಮ್ಮ ಒಲೆ ನೋಡ್ಬೇಕು."

"ನಾಕು ವರ್ಸ ಈ ಕಡೆ ತಲೆ ತಿರುಗಿಸದವಳಿಗೆ ಈಗ ನನ್ನ ಒಲೆ ಬೇಕಾ! ಪುಸ್ತಕದಲ್ಲಿ ಇಲ್ವಾ ಒಲೆ?"

ಬೈಯುತ್ತಲೇ ದಾರಿ ಬಿಟ್ಟರು. ಗ್ಯಾಸ್ ಒಲೆಯ ಮುರಿದ ಕಾಲಿಗೆ ಇಟ್ಟಿಗೆಯ ಆಸರೆ ಕೊಟ್ಟಿದ್ದರು: ಟೆಂಪೊರರಿ. ಹಿತ್ತಲಲ್ಲಿ ಅಂಚು ಬಿರುಕುಬಿಟ್ಟ ಮಡಕೆ: ಫ್ರೆಜೈಲ್. ಐದನ್ನೂ ಅಲ್ಲೇ ನಿಂತು ಬರೆದುಕೊಂಡೆ.

ಶುಕ್ರವಾರದ ಲೆಕ್ಕ: ಮೂವತ್ತೆಂಟು. ತಪ್ಪಿದ ಎರಡೂ ನಮ್ಮ ಮನೆಯವೇ; ಗೊತ್ತಿರುವ ಮನೆಯೇ ಅಲ್ಲವೇ ಎಂದು ಅವನ್ನು ನೋಡದೇ ಪಟ್ಟಿಗೆ ಬರೆದಿದ್ದೆ. ಮೇಷ್ಟರು ಹೆಸರು ಸೇರಿಸಿದರು. "ಕಾರ್ಡಿನಲ್ಲಿ ಓದಿದ್ದರೆ ನಲವತ್ತು ಬರ್ತಿತ್ತು" ಎಂದರು.

"ಬಂದಿದ್ದು ಹನ್ನೊಂದು ಸಾರ್," ಎಂದೆ.

ಶನಿವಾರ ಮುಂದಿನ ನಲವತ್ತು ಪದ ಕೊಟ್ಟರು. ಅಪ್ಪ ನನ್ನೊಂದಿಗೆ ಮಾತು ಬಿಟ್ಟು ಆಗಲೇ ಮೂರು ದಿನ. ಅವರು ಜಗಲಿಯ ಮೇಲೆ ಕೂತಿದ್ದಾಗಲೇ, ಅವರಿಗೆ ಕಾಣುವಂತೆ, ನೋಟ್‌ಬುಕ್ ಹಿಡಿದು ಬೀದಿಯ ನಡುವೆ ನಡೆದು ಐದನೆಯ ಮನೆಗೆ ಹೋದೆ.