ಒಂದೇ ಕಣ್ಣು ಬಿಟ್ಟು ಕತ್ತರಿಸಿದ ಬಳ್ಳಿ

ಎರಡು ವರ್ಷದ ಹಿಂದಿನ ಅಕ್ಟೋಬರ್ ಅದು. ನಮ್ಮ ಯಜಮಾನರು ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ತಲೆಯ ಮೇಲೆ ಬಂದಿತ್ತು.

ಮಸ್ಕಿಯಿಂದ ಸ್ವಲ್ಪ ದೂರ, ಎರಡು ಕಲ್ಲುಗುಡ್ಡಗಳ ನಡುವಿನ ಕೊಳ್ಳದಲ್ಲಿ ನಮ್ಮ ತೋಟ. ಸಿಂಧನೂರಿನ ಕಡೆ ಹರಿದ ಕಾಲುವೆ ಇಲ್ಲಿಗೆ ಏರಲಿಲ್ಲ. ಮಾವನವರ ಕಾಲಕ್ಕೆ ಸಜ್ಜೆ ಬಿಟ್ಟರೆ ಹುರುಳಿ. ವಿಜಯಪುರದ ಕಡೆಯಿಂದ ವೈನ್ ದ್ರಾಕ್ಷಿಯ ಕಡ್ಡಿ ತಂದು ಮೊದಲು ನೆಟ್ಟವರು ಇವರೇ. "ಲಿಂಗ ಕಟ್ಟಿಕೊಂಡು ಹೆಂಡದ ಹಣ್ಣು ಬೆಳ್ಯಾಕತ್ತಾನ" ಎಂದು ಊರು ನಕ್ಕಿತು. "ಬೆಳಿಯಾಂವ ನಾ, ಕುಡಿಯೋರು ನೀವು" ಎನ್ನುತ್ತಿದ್ದರು ಇವರು. ನಕ್ಕವರಲ್ಲೇ ಐದು ಮನೆಯವರು ಆಮೇಲೆ ಬಳ್ಳಿ ನೆಟ್ಟರು. ಹಣ್ಣು ಒಯ್ಯುವ ಲಾರಿಗಳು ಕಡಿಮೆಯಾದಂತೆ ಒಬ್ಬೊಬ್ಬರೇ ಕಿತ್ತರು. ಕೊನೆಗೆ ಉಳಿದದ್ದು ನಮ್ಮ ತೋಟ, ಪಕ್ಕದ ಬಸಣ್ಣನ ತೋಟ.

ಮೈದುನ ಅಮರೇಶ ಹೇಳಿದ: "ಅತ್ತಿಗಿ, ಅಣ್ಣ ಇಲ್ಲದ ಬಳ್ಳಿ ಹಣ್ಣು ಬಿಡ್ತಾವೋ ಇಲ್ಲೋ. ಈ ಸಲ ಬಿಟ್ರ ತ್ವಾಟ ಇರ್ಲಿ. ಇಲ್ಲಂದ್ರ ಕಿತ್ತು ತೊಗರಿ ಹಾಕೂಣು."

ಬಸಣ್ಣ ತಾನಾಗಿಯೇ ಬಂದು, "ಯಕ್ಕಾ, ಚಾಟ್ನಿ ನಾ ಮಾಡಿಕೊಡ್ತೀನಿ" ಎಂದ. ಇವರ ಕತ್ತರಿಯನ್ನು ಬೇರೆ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

"ಬ್ಯಾಡಪ್ಪ. ಪ್ರತಿ ವರ್ಷ ಏಪ್ರಿಲ್‌ದಾಗ ನಾನ ಮಾಡ್ತೀನಲ್ಲ" ಎಂದೆ.

ನಮ್ಮಲ್ಲಿ ಏಪ್ರಿಲ್ ಚಾಟ್ನಿ ಹೆಂಗಸರದು. ಆಗ ಪ್ರತಿ ಕಡ್ಡಿಯಲ್ಲೂ ಚಿಗುರೊಡೆಯುವ ಒಂದೇ ಕಣ್ಣು ಬಿಟ್ಟು ಕತ್ತರಿಸುತ್ತೇವೆ. ಅಕ್ಟೋಬರಿನದು ಗಂಡಸರು ಮಾಡುತ್ತಿದ್ದರು. ಆ ದಿನಗಳಲ್ಲಿ ನಾವು ಹತ್ತಿ ಬಿಡಿಸಲು ಹೋಗಿರುತ್ತಿದ್ದೆವು. ಹತ್ತು ದಿನ ಒಬ್ಬಳೇ ನಿಂತು ಇಡೀ ತೋಟವನ್ನು ಒಂದೇ ಕಣ್ಣಿಗೆ ಕತ್ತರಿಸಿದೆ.

ಮೂರು ವಾರಕ್ಕೆ ತೋಟ ಹಸಿರಾಯಿತು. ಇವರು ಹೋದ ಮೇಲೆ ಮೊದಲ ಸಲ ಅವತ್ತು ಹೊಟ್ಟೆ ತುಂಬ ರೊಟ್ಟಿ ತಿಂದೆ. ಬಸಣ್ಣನನ್ನು ಕರೆದು ತೋರಿಸಿದೆ. ಅವನು ಎಲೆ ಎತ್ತಿ ಎತ್ತಿ ನೋಡಿದ.

"ಗೊಂಚಲು ಎಲ್ಲಿ ಯಕ್ಕಾ?"

"ಇನ್ನ ಬರ್ತಾವಲ್ಲ."

"ಎಲಿ ಸಂಗಾಟನ ಬರಬೇಕಿತ್ತು. ಎಷ್ಟು ಕಣ್ಣು ಬಿಟ್ಟಿದ್ದಿ?"

"ಒಂದು."

ಅವನು ಬದುವಿನ ಮೇಲೆ ಕೂತುಬಿಟ್ಟ. "ಏಪ್ರಿಲ್‌ದ್ದು ಹೊಸಾ ಕಡ್ಡಿ ಬೆಳಸಾಕ, ಇದು ಹಣ್ಣಿಗೆ. ಹಣ್ಣಿನ ಕಣ್ಣು ಮ್ಯಾಲ ಇರ್ತಾವ, ಆರನೇದು, ಏಳನೇದು. ಅಣ್ಣ ಹೇಳಿರಲಿಲ್ಲೇನು?"

ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಬಳ್ಳಿಗೇನೂ ಆಗಿಲ್ಲ, ಮುಂದಿನ ವರ್ಷ ಬಿಡ್ತಾವ. ಅಮರೇಶಗ ಇದ್ದದ್ದು ಹೇಳಿಬಿಡು" ಎಂದ.

ನಾನು ಹೇಳಲಿಲ್ಲ. ಗಂಡನ ಕೊನೆಯ ಬೆಳೆಯನ್ನು ನನ್ನ ಕೈಯಾರೆ ಕತ್ತರಿಸಿದೆ ಎನ್ನಲು ನಾಲಿಗೆ ಏಳಲಿಲ್ಲ. ಹಣ್ಣಿನ ಕಾಲಕ್ಕೆ ಅಮರೇಶ ಬಂದ. ಎರಡು ಸಾಲು ನಡೆದು ಕಣ್ಣು ಒರೆಸಿಕೊಂಡ. "ಅಣ್ಣನ ಹಿಂದ ಬಳ್ಳಿನೂ ಹೋದ್ವು ನೋಡ್ರಿ" ಎಂದ. "ಗಿಡಕ್ಕೂ ದುಃಖ ತಿಳಿತೈತೆವ್ವಾ" ಎಂದರು ಕಳೆ ತೆಗೆಯುತ್ತಿದ್ದ ಹೆಂಗಸರು. ನಾನು ತಲೆ ತಗ್ಗಿಸಿ ನಿಂತೆ. ದೂರದಿಂದ ನನ್ನನ್ನೇ ನೋಡುತ್ತಿದ್ದ ಬಸಣ್ಣನೂ ಬಾಯಿ ಬಿಡಲಿಲ್ಲ.

ಮರುವಾರ ಜೆಸಿಬಿ ಬಂತು. ನಾಲ್ಕು ಬಳ್ಳಿ ಕಿತ್ತ ಮೇಲೆ ಡ್ರೈವರ್ ಇಳಿದು ಕೇಳಿದ: "ಅಮ್ಮಾರ, ಬೇರು ಇಷ್ಟು ಗಟ್ಟಿ ಅದಾವಲ್ರಿ. ಯಾಕ ಕೀಳಸಾಕತ್ತೀರಿ?"

ಆಗಲಾದರೂ ಹೇಳಬಹುದಿತ್ತು. ಅಮರೇಶ ಪಕ್ಕದಲ್ಲೇ ಇದ್ದ.

ಈಗ ಅಲ್ಲಿ ತೊಗರಿ ಇದೆ. ಯಜಮಾನರನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿರಲಿಲ್ಲ. ಬಳ್ಳಿ ಉಳಿಸಲು ಒಂದು ಮಾತು ಸಾಕಾಗಿತ್ತು. ಯಜಮಾನನ ದುಃಖಕ್ಕೆ ಬಂಜೆಯಾದ ತೋಟ ಎಂದು ಊರವರು ಇವತ್ತಿಗೂ ಹೇಳುತ್ತಾರೆ. ನನ್ನ ಎದುರೇ ಹೇಳುತ್ತಾರೆ, ನನಗೆ ಸಮಾಧಾನವಾಗಲಿ ಎಂದು.