ಪಟ್ಟಿಯಲ್ಲಿದ್ದ ಆರನೆಯ ಫೋನು

ನಮ್ಮ ಮನೆಯ ಗೇಟಿನ ಕೊಂಡಿ ಮುರಿದು ಎರಡು ವರ್ಷವಾಯಿತು. ಕೋಳಿ, ಬೆಕ್ಕು, ಮೀನು ಮಾರುವವರು, ಮತ ಕೇಳುವವರು ಎಲ್ಲರೂ ಯಾರನ್ನೂ ಕೇಳದೆ ಒಳಗೆ ಬರುತ್ತಾರೆ. ಅದನ್ನು ಸರಿಮಾಡಿಸಲು ಬಿಡುವಿಲ್ಲದ ನಾನು, ಕಣ್ಣಿಗೆ ಕಾಣದ ವೈಫೈಗೆ ಗೋಡೆ ಕಟ್ಟಲು ಇಡೀ ಒಂದು ಭಾನುವಾರ ಕಳೆದೆನೆಂದು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟವೇ.

ಕಾರಣವಿತ್ತು. ಮೊಗ್ರಾಲಿನ ನಮ್ಮ ಮನೆಯಲ್ಲಿರುವುದು ಅಮ್ಮ, ಹೆಂಡತಿ ಶೈಲಾ, ನಾನು, ಹೀಗೆ ಮೂವರು. ನೆಟ್ ಮಾತ್ರ ಊರಿಗೆಲ್ಲ ಹಂಚಿ ಉಳಿದದ್ದರಂತೆ ಬರುತ್ತಿತ್ತು. ಒಂದು ಫೋಟೊ ತೆರೆಯುವಷ್ಟರಲ್ಲಿ ಚಹಾ ತಣಿಯುತ್ತಿತ್ತು. ನೆಟ್ ಕೊಟ್ಟವರಿಗೆ ಫೋನು ಮಾಡಿದರೆ, ರೌಟರಿನ ಪುಟ ತೆರೆದು ಯಾರೆಲ್ಲ ಸೇರಿಕೊಂಡಿದ್ದಾರೆಂದು ನೋಡಿ ಎಂದರು. ರೌಟರನ್ನು ಮಗುಚಿ, ಬುಡದ ಚೀಟಿಯಲ್ಲಿದ್ದ ಇರುವೆಯಂಥ ಅಕ್ಷರಗಳನ್ನು ಓದಿ ಒಳಹೊಕ್ಕೆ. ಪಟ್ಟಿಯಲ್ಲಿ ಆರು ಹೆಸರುಗಳಿದ್ದವು. ಮೂರು ಫೋನು, ಟಿವಿ, ಲ್ಯಾಪ್‌ಟಾಪ್, ಇಷ್ಟು ನಮ್ಮವು. ಆರನೆಯದಕ್ಕೆ ಹೆಸರಿಲ್ಲ, ಬರೀ ಅಕ್ಷರ, ಅಂಕಿ.

ನಾನು ವಿದ್ಯಾನಗರದ ಒಂದು ಸರಕಾರಿ ಕಚೇರಿಯಲ್ಲಿ ತಪಾಲು ನೋಡಿಕೊಳ್ಳುವ ಗುಮಾಸ್ತ. ಒಳಬರುವ ಕಾಗದಕ್ಕೊಂದು ಪುಸ್ತಕ, ಹೊರಹೋಗುವುದಕ್ಕೊಂದು ಪುಸ್ತಕ. ರೌಟರಿನಲ್ಲಿ ಫೈರ್‌ವಾಲ್ ಎಂಬ ಪುಟ ತೆರೆದರೆ ಅಲ್ಲಿಯೂ ಅದೇ ಸಂಸಾರ: ಒಳಬರುವುದು, ಹೊರಹೋಗುವುದು, ಬಿಡು, ತಡೆ. ಇಷ್ಟು ವರ್ಷ ಮೊಹರು ಒತ್ತಿದ್ದಲ್ಲದೆ ಒಂದು ಕಾಗದವನ್ನೂ ತಡೆಯುವ ಅಧಿಕಾರವಿಲ್ಲದವನಿಗೆ ಅಧಿಕಾರ ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಶೈಲಾ ನೋಡುವ ಕಿರುಚಾಟದ ವಾರ್ತಾ ಚರ್ಚೆ ತಪ್ಪಲೆಂದು ಟಿವಿಗೆ ಸಂಜೆ ಏಳರಿಂದ ಎಂಟರವರೆಗೆ ನೆಟ್ ನಿಲ್ಲಿಸಿದೆ. ಅಮ್ಮ ನೋಡುವ ಮನೆಮದ್ದಿನ ವಿಡಿಯೊಗಳ ದೆಸೆಯಿಂದ ನಾನು ವಾರಕ್ಕೆ ಮೂರು ಸಲ ಹಾಗಲಕಾಯಿ ರಸ ಕುಡಿಯಬೇಕಾಗಿತ್ತು. ಅವರ ಫೋನಿಗೂ ಬೆಳಿಗ್ಗೆ ಒಂದು ಗಂಟೆ ರಜೆ ಕೊಟ್ಟೆ. ಕೊನೆಗೆ, ಸಂಜೆ ಐದೂವರೆಗೆ, ಆರನೆಯ ಆಗಂತುಕನನ್ನು ತಡೆಯುವ ಪಟ್ಟಿಗೆ ಸೇರಿಸಿದೆ. ಪಾಸ್‌ವರ್ಡ್ ಬದಲಿಸಿದ್ದರೂ ಸಾಕಿತ್ತು. ಆದರೆ ಆಗ ಮನೆಯವರಿಗೆ ಹೇಳಬೇಕಾಗುತ್ತಿತ್ತು. ಹೇಳಿದ ಮೇಲೆ ಅಧಿಕಾರದಲ್ಲಿ ರುಚಿ ಎಲ್ಲಿ?

ಇದು ಈ ಜಿಲ್ಲೆಯ ಮಣ್ಣಿನ ಗುಣವೂ ಇರಬಹುದು. ಬೇಕಲ, ಕುಂಬಳೆ, ಹೊಸದುರ್ಗ, ಎತ್ತ ಹೋದರೂ ಒಂದು ಕೋಟೆ. ಕಟ್ಟಿಸಿದವರಿಗೆಲ್ಲ ಇನ್ನು ಯಾರೂ ಬರಲಾರರೆಂಬ ನೆಮ್ಮದಿ ಕೆಲವು ದಿನವಾದರೂ ಇದ್ದಿರಬೇಕು. ನನಗೆ ಎರಡು ದಿನ ಇತ್ತು. ನೆಟ್ಟಿನ ವೇಗ ಎಳ್ಳಿನಷ್ಟೂ ಹೆಚ್ಚಿರಲಿಲ್ಲ, ನನಗೆ ಮಾತ್ರ ಹೆಚ್ಚಿದ ಹಾಗೆ ಕಾಣುತ್ತಿತ್ತು. ಟಿವಿ ಯಾಕೆ ನಿಂತಿತೆಂದು ಶೈಲಾ ಕೇಳಿದರೆ, ಗಾಳಿ ಜೋರುಂಟಲ್ಲ ಎಂದು ಕಿಟಕಿಯ ಕಡೆ ನೋಡುತ್ತಿದ್ದೆ.

ಬುಧವಾರ ಕಚೇರಿಯಿಂದ ಬಂದಾಗ ಅಮ್ಮ ಚಹಾ ತರಲಿಲ್ಲ. ಪಕ್ಕದ ಮನೆಯ ಖದೀಜುಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲವೆಂದರು. ಖದೀಜುಮ್ಮನ ಮಗ ಶರೀಫ್ ಹೆಂಡತಿಯೊಂದಿಗೆ ಗಲ್ಫಿನಲ್ಲಿದ್ದಾನೆ. ಹೋದ ವಾರ ಅವನಿಗೆ ಗಂಡುಮಗು ಹುಟ್ಟಿತ್ತು. ತೀರಿಹೋದ ಗಂಡನ ಹೆಸರನ್ನೇ ಇಡಬೇಕೆಂದು ಖದೀಜುಮ್ಮನ ಹಟ, ಹೊಸ ಹೆಸರು ಬೇಕೆಂದು ಮಗನ ಹಟ. ಭಾನುವಾರ ವಿಡಿಯೊ ಕರೆಯಲ್ಲಿ ಮಾತಿಗೆ ಮಾತು ಬೆಳೆದು, ಇವರು ಬಿರುಸಾಗಿ ಏನೋ ಹೇಳುತ್ತಿದ್ದ ಹಾಗೆಯೇ ಅವನು ಕರೆ ಕಟ್ ಮಾಡಿಬಿಟ್ಟನಂತೆ. ಅಂದಿನಿಂದ ಸುದ್ದಿಯಿಲ್ಲ.

"ಎಷ್ಟು ಗಂಟೆಗೆ?" ಎಂದು ಕೇಳಿದೆ. ಕೇಳಬಾರದಿತ್ತು.

"ಐದೂವರೆಗೆ. ನಮ್ಮ ಜೀಗುಜ್ಜೆ ಮರದ ಹತ್ತಿರ ನಿಂತು ಮಾತಾಡ್ತಾ ಇದ್ದರು. ಅಲ್ಲಿ ನಮ್ಮ ನೆಟ್ ಒಳ್ಳೆದು ಸಿಗ್ತದೆ. ಪಾಸ್‌ವರ್ಡ್ ನಾನೇ ಕೊಟ್ಟದ್ದು."

ಅಮ್ಮನಿಗೆ ಅದು ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೊಟ್ಟಷ್ಟೇ ಸಹಜ. ಖದೀಜುಮ್ಮನ ಕೈಯಲ್ಲಿದ್ದದ್ದು ಮಗ ಬಿಟ್ಟುಹೋದ, ಸಿಮ್ಮೇ ಇಲ್ಲದ ಹಳೆಯ ಫೋನು.

ಚಹಾ ಕೇಳದೆ ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಅವಸರದಲ್ಲಿ ಆ ಆರನೆಯ ಹೆಸರನ್ನು 'ಬಿಡು' ಎಂಬ ಪಟ್ಟಿಗೆ ಸರಿಸಿ ಒತ್ತಿದೆ. ಅದರ ಅರ್ಥ 'ಇವರನ್ನೂ ಬಿಡು' ಎಂದಲ್ಲ, 'ಇವರನ್ನು ಮಾತ್ರ ಬಿಡು' ಎಂದು ತಿಳಿದದ್ದು ಲ್ಯಾಪ್‌ಟಾಪಿನ ನೆಟ್ ನಿಂತ ಮೇಲೆ. ನನ್ನ ಫೋನು, ಅಮ್ಮನದು, ಶೈಲಾಳದು, ಟಿವಿ, ಎಲ್ಲವೂ ಹೊರಗೆ. ನಾನು ಕಟ್ಟಿದ ಕೋಟೆಯೊಳಗೆ ಈಗ ಇದ್ದವರು ಖದೀಜುಮ್ಮ ಒಬ್ಬರೇ. ತಪ್ಪನ್ನು ತಿದ್ದಬೇಕಾದರೂ ಅವರ ಫೋನೇ ಬೇಕು.

ಶೈಲಾಳಿಗೆ ಎಲ್ಲವನ್ನೂ ಹೇಳಿದೆ. ಮೊದಲು ನಕ್ಕಳು. ಗಾಳಿಯ ಸಂಗತಿ ಬಂದಾಗ ನಗು ನಿಂತಿತು. ನೀವೇ ಹೋಗಿ ಹೇಳಿ ಬನ್ನಿ ಎಂದಳು.

ಕಂಪೌಂಡಿನ ಬಳಿ ನಿಂತು, ಇನ್ನೊಮ್ಮೆ ಕರೆ ಮಾಡಿ ನೋಡಿ ಎಂದೆ. ಕಟ್ ಮಾಡಿದವನೇ ಮಾಡಲಿ ಎಂದರು ಖದೀಜುಮ್ಮ. ಕಟ್ ಮಾಡಿದ್ದು ಅವನಲ್ಲ, ನಾನು ಎಂದು ಉಸುರಿದೆ. ಅವರು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅದಕ್ಕೂ ಸಮಯ ಹಾಳುಮಾಡದೆ ಅವರು ಮಗನಿಗೆ ಕರೆ ಮಾಡಿದರು.

ಶರೀಫ್ ಕೂಡಲೇ ಎತ್ತಿದ. ಉಮ್ಮನೇ ಸಿಟ್ಟಿನಿಂದ ಕಟ್ ಮಾಡಿದ್ದೆಂದು ಅವನು ತಿಳಿದಿದ್ದನಂತೆ. ಮೂರು ದಿನದಲ್ಲಿ ಇಬ್ಬರೂ ಒಳಗೊಳಗೇ ಸೋತಿದ್ದರು. ಅಪ್ಪನ ಹೆಸರನ್ನೇ ಇಡೋಣವೆಂದು ಅವನು, ನಿನ್ನ ಇಷ್ಟದ್ದೇ ಇರಲೆಂದು ಇವರು. ಹಾಗಾಗಿ ಜಗಳ ಪುನಃ ಸುರುವಾಯಿತು, ಕಕ್ಷಿಗಳು ಮಾತ್ರ ಅದಲುಬದಲು. ನಾನು ಮುಕ್ಕಾಲು ಗಂಟೆ ಮರದಡಿಯಲ್ಲಿ ಸೊಳ್ಳೆ ಹೊಡೆಯುತ್ತ ಸರದಿ ಕಾದೆ. ನಡುವೆ ಖದೀಜುಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮಗು ನನ್ನನ್ನು ನೋಡಿ ಆಕಳಿಸಿತು.

ಕೊನೆಗೆ ಫೋನು ನನ್ನ ಕೈಗೆ ಬಂದು, ಹಾಕಿದ್ದ ತಡೆಗಳನ್ನೆಲ್ಲ ತೆಗೆಯತೊಡಗಿದಾಗ ಅವರೆಂದರು, "ಸುರೇಶಾ, ಆ ಕಟ್ ಮಾಡುವುದನ್ನು ತೆಗೀಬೇಡ. ಅದು ಇರಲಿ."

"ಎಂತಕ್ಕೆ?"

"ಆವತ್ತು ನನ್ನ ಬಾಯಲ್ಲಿ ಇನ್ನೊಂದು ಮಾತು ಇತ್ತು. ಅದು ಅವನಿಗೆ ಕೇಳಿದ್ದರೆ ಮತ್ತೆ ಸರಿ ಆಗ್ತಿರಲಿಲ್ಲ. ಇನ್ನು ಜೋರಾದರೆ ನಾನು ಕೆಮ್ಮುತ್ತೇನೆ, ನೀನು ಕಟ್ ಮಾಡು."

ಮನೆಯೊಳಗಿನ ತಡೆಗಳನ್ನು ಶೈಲಾ ಎದುರು ಕುಳಿತು ತೆಗೆಸಿದಳು. ಹಾಗಲಕಾಯಿ ರಸ ಈಗ ವಾರಕ್ಕೆ ನಾಲ್ಕು ಸಲ. ಸಂಜೆ ಮಾತ್ರ ನಾನು ಫೋನು ಹಿಡಿದು ಜಗಲಿಯಲ್ಲಿ ಹಾಜರಿರುತ್ತೇನೆ. ಈವರೆಗೆ ಮೂರು ಸಲ ಕೆಮ್ಮು ಕೇಳಿ ಒತ್ತಿದ್ದೇನೆ. ಎರಡು ಸಲ ಖದೀಜುಮ್ಮ ಮರುದಿನ ಕಂಪೌಂಡಿನಾಚೆಯಿಂದ ಪತ್ತಿರಿ ರೊಟ್ಟಿ ಕಳಿಸಿದರು. ಮೂರನೆಯ ಸಲ ಕೂಡಲೇ ಗೋಡೆಯ ಬಳಿ ಬಂದು, ಮಗು ಮೊದಲನೆಯ ಸಲ ನಗುತ್ತಿತ್ತು ಮಾರಾಯ, ನನಗೆ ನಿಜವಾಗಿ ಶೀತ ಆಗಿದೆ ಎಂದರು.